ಚೀನೀ ಓದುವಾಗ ಕಣ್ಣು ಎಲ್ಲಿ ನಿಲ್ಲುತ್ತದೆ, ಮಿದುಳು ಏನು ಮಾಡುತ್ತದೆ?

ಪ್ರಶ್ನೆ: ನನ್ನ ಮಗ ಚೀನಾದ ಒಂದು ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುತ್ತಿದ್ದು, ಎರಡು ವರ್ಷದಿಂದ ಚೀನೀ ಭಾಷೆಯನ್ನೂ ಕಲಿಯುತ್ತಿದ್ದಾನೆ. ಮಾತು ಸುಮಾರಾಗಿ ಬಂದಿದೆ. ಓದು ಮಾತ್ರ ಹತ್ತುತ್ತಿಲ್ಲ. ಸಹಪಾಠಿಗಳು ಒಂದು ಪುಟ ಮುಗಿಸುವಷ್ಟರಲ್ಲಿ ಇವನು ಎರಡು ಸಾಲು ದಾಟಿರುವುದಿಲ್ಲ. ಚೀನೀ ಅಕ್ಷರಗಳೆಂದರೆ ಚಿತ್ರಗಳು, ಅವುಗಳನ್ನು ಬಲ ಮಿದುಳಿನಿಂದ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ, ಉಚ್ಚಾರಣೆಯ ಗೊಡವೆ ಇಲ್ಲ ಎಂದು ಅವನಿಗೆ ಯಾರೋ ಹೇಳಿದ್ದಾರೆ. ಇದು ನಿಜವೇ? ಪದಗಳ ನಡುವೆ ಜಾಗವೇ ಇಲ್ಲದ ಸಾಲಿನಲ್ಲಿ ಒಂದು ಪದ ಎಲ್ಲಿ ಮುಗಿಯಿತೆಂದು ಕಣ್ಣಿಗೆ ಹೇಗೆ ತಿಳಿಯುತ್ತದೆ? ಎಲ್ಲವನ್ನೂ ಫೋನಿನಲ್ಲೇ ಟೈಪ್ ಮಾಡುವ ಈ ಕಾಲದಲ್ಲಿ ಅವನು ಅಕ್ಷರಗಳನ್ನು ಕೈಯಿಂದ ತಿದ್ದುತ್ತ ಕೂರಬೇಕೆ?

ಉತ್ತರ: ಮೊದಲು ಆ ‘ಚಿತ್ರ’ದ ಮಾತನ್ನು ಬಗೆಹರಿಸಿಕೊಳ್ಳೋಣ, ಅದು ತಲೆಯಲ್ಲಿ ಕೂತಿರುವವರೆಗೆ ಮುಂದಿನ ಯಾವ ವಿವರವೂ ಸರಿಯಾಗಿ ಹೊಂದಿಕೊಳ್ಳುವುದಿಲ್ಲ. ಸೂರ್ಯ, ಚಂದ್ರ, ಬೆಟ್ಟ, ಮರ ಎಂಬ ಅರ್ಥದ ಕೆಲವು ಅಕ್ಷರಗಳು ಮೂರು ಸಾವಿರ ವರ್ಷಗಳಿಗೂ ಹಿಂದೆ ಚಿತ್ರಗಳಾಗಿ ಹುಟ್ಟಿದ್ದು ನಿಜ. ಆದರೆ ಚೀನೀ ಅಕ್ಷರಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಪಾಲು ಎರಡು ಭಾಗಗಳನ್ನು ಕೂಡಿಸಿ ಕಟ್ಟಿದವು. ಒಂದು ಭಾಗ ಅರ್ಥ ಯಾವ ಕಡೆಯದೆಂದು ತೋರಿಸುತ್ತದೆ, ಇನ್ನೊಂದು ಉಚ್ಚಾರಣೆಯ ಸುಳಿವು ಕೊಡುತ್ತದೆ. ‘ಛಿಂಗ್’ ಎಂದು ಓದುವ, ಹಸಿರು ಮತ್ತು ನೀಲಿಯ ನಡುವಿನ ಬಣ್ಣವನ್ನು ಹೇಳುವ ಒಂದು ಅಕ್ಷರವಿದೆ. ಅದರ ಎಡಕ್ಕೆ ನೀರಿನ ಗುರುತು ಸೇರಿದರೆ ‘ತಿಳಿಯಾದ’ ಎಂದಾಗುತ್ತದೆ. ಸೂರ್ಯನ ಗುರುತು ಸೇರಿದರೆ ಮೋಡವಿಲ್ಲದ ಆಕಾಶ. ಮಾತಿನ ಗುರುತು ಸೇರಿದರೆ ವಿನಂತಿ. ಹೃದಯದ ಗುರುತು ಸೇರಿದರೆ ಭಾವನೆ. ನಾಲ್ಕನ್ನೂ ‘ಛಿಂಗ್’ ಎಂದೇ ಓದುತ್ತಾರೆ, ವ್ಯತ್ಯಾಸವಿದ್ದರೆ ಸ್ವರದ ಏರಿಳಿತದಲ್ಲಿ ಮಾತ್ರ. ಈ ಸುಳಿವು ನಮ್ಮ ಕಾಗುಣಿತದಷ್ಟು ನಂಬಿಗಸ್ತವಲ್ಲ ಎನ್ನುವುದನ್ನೂ ಹೇಳಬೇಕು. ಅದೇ ಭಾಗವಿರುವ ಇನ್ನೊಂದು ಅಕ್ಷರ ‘ಜಿಂಗ್’ ಆಗುತ್ತದೆ, ಮತ್ತೊಂದು ‘ತ್ಸಾಯ್’ ಆಗುತ್ತದೆ; ಆ ‘ತ್ಸಾಯ್’ ಎಂಬುದರ ಅರ್ಥ ‘ಊಹಿಸು’ ಎಂದಿದ್ದು, ಊಹಿಸಿ ಓದಿದವನನ್ನು ಆ ಅಕ್ಷರವೇ ಬೇಸ್ತು ಬೀಳಿಸುತ್ತದೆ. ಹೀಗಿದ್ದರೂ ಇದು ಭಾಷೆಯನ್ನು ಬರೆಯಲು ಕಟ್ಟಿದ ವ್ಯವಸ್ಥೆಯೇ ಹೊರತು ಚಿತ್ರಗಳ ಸರಮಾಲೆಯಲ್ಲ. ಓದುಗನ ಕಣ್ಣಾಗಲಿ ಮಿದುಳಾಗಲಿ ಅದನ್ನು ಚಿತ್ರವೆಂದು ನೋಡುವುದೂ ಇಲ್ಲ.

ಇನ್ನು ಕಣ್ಣಿನ ವಿಚಾರ. ‘ಪುಟದ ಮೇಲೆ ಕಣ್ಣಾಡಿಸಿದೆ’, ‘ಕಣ್ಣು ಹಾಯಿಸಿದೆ’ ಎಂದು ನಾವು ಹೇಳುವಾಗ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿಯುತ್ತದೆ ಎಂಬ ಕಲ್ಪನೆ ಅದರ ಹಿಂದಿರುತ್ತದೆ. ವಾಸ್ತವದಲ್ಲಿ ಅದು ಮಿಡತೆಯಂತೆ ಹಾರುತ್ತದೆ, ನಿಲ್ಲುತ್ತದೆ, ಮತ್ತೆ ಹಾರುತ್ತದೆ. ಇದನ್ನು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಪ್ಯಾರಿಸ್ಸಿನ ನೇತ್ರವೈದ್ಯ ಎಮಿಲ್ ಜವಾಲ್ ಮತ್ತು ಅವರ ಸಂಗಡಿಗರು ಗಮನಿಸಿದರು. ಆ ನೆಗೆತಕ್ಕೆ ‘ಸಕೇಡ್’ ಎಂಬ ಹೆಸರು ಅಂದಿನಿಂದ ಉಳಿದುಕೊಂಡಿದೆ. ಒಂದು ನೆಗೆತಕ್ಕೆ ಒಂದು ಸೆಕೆಂಡಿನ ಸಾವಿರದಲ್ಲಿ 20ರಿಂದ 40 ಭಾಗದಷ್ಟು ಸಮಯ ಹಿಡಿಯುತ್ತದೆ, ಮತ್ತು ಆ ಹೊತ್ತಿನಲ್ಲಿ ನಾವು ಹೊಸದೇನನ್ನೂ ಗ್ರಹಿಸುವುದಿಲ್ಲ. ಓದಿನಲ್ಲಿ ಕಣ್ಣಿಗೆ ಸಿಗುವುದೆಲ್ಲ ನೆಗೆತಗಳ ನಡುವಿನ ನಿಲುಗಡೆಗಳಲ್ಲಿ. ಪಳಗಿದ ಓದುಗನಲ್ಲಿ ಈ ನಿಲುಗಡೆ ಸರಾಸರಿ ಕಾಲು ಸೆಕೆಂಡಿನಷ್ಟು ಇರುತ್ತದೆ. ಅದು ಇಂಗ್ಲಿಷಿಗೂ ಚೀನೀಗೂ ಹೆಚ್ಚು ಕಡಿಮೆ ಒಂದೇ. ನೆಗೆತದ ಉದ್ದ ಮಾತ್ರ ಬೇರೆ: ಇಂಗ್ಲಿಷ್ ಓದುವವನ ಕಣ್ಣು ಒಮ್ಮೆಗೆ ಏಳರಿಂದ ಒಂಬತ್ತು ಅಕ್ಷರ ದಾಟಿದರೆ ಚೀನೀ ಓದುವವನ ಕಣ್ಣು ಎರಡು ಮೂರು ಅಕ್ಷರ ದಾಟುತ್ತದೆ. ಎರಡೂ ಕಡೆ ನೂರಕ್ಕೆ ಹತ್ತು ಹದಿನೈದು ನೆಗೆತಗಳು ಹಿಂದಕ್ಕೆ, ಅಂದರೆ ಓದಿದ ಭಾಗದ ಕಡೆಗೇ ಇರುತ್ತವೆ.

ಚೀನೀ ಓದಿನಲ್ಲಿ ಈ ಚಲನೆಯನ್ನು ಅಳೆಯುವ ಕೆಲಸ ಇತ್ತೀಚಿನದಲ್ಲ. ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ವಾಲ್ಟರ್ ಮೈಲ್ಸ್ ಮತ್ತು ಯೂಜೀನ್ ಶೆನ್ ಅವರು ಚೀನೀ ಓದುಗರ ಕಣ್ಣಿನ ಚಲನೆಯನ್ನು ಫೋಟೋಗ್ರಫಿಯ ಮೂಲಕ ದಾಖಲಿಸಿ, ಮೇಲಿನಿಂದ ಕೆಳಗಿಳಿಯುವ ಸಾಲನ್ನೂ ಅಡ್ಡ ಸಾಲನ್ನೂ ಹೋಲಿಸಿದ ಅಧ್ಯಯನವನ್ನು 1925ರಲ್ಲೇ ಪ್ರಕಟಿಸಿದ್ದರು. ಆಗ ಅದು ಬರಿಯ ಪಂಡಿತರ ಕುತೂಹಲವಾಗಿರಲಿಲ್ಲ, ಏಕೆಂದರೆ ಚೀನೀ ಮುದ್ರಣವನ್ನು ಅಡ್ಡಕ್ಕೆ ತಿರುಗಿಸಬೇಕೇ ಬೇಡವೇ ಎಂಬ ಚರ್ಚೆ ಆ ದೇಶದಲ್ಲಿ ನಡೆಯುತ್ತಿತ್ತು. ಚೀನಾದ ಮುಖ್ಯ ಪತ್ರಿಕೆಯಾದ ‘ಪೀಪಲ್ಸ್ ಡೈಲಿ’ 1956ರ ಜನವರಿ 1ರಿಂದ ಅಡ್ಡ ಸಾಲಿಗೆ ಬದಲಾಯಿತು. ಓದುಗರ ಕಣ್ಣುಗಳು ಹೊಸ ದಿಕ್ಕಿಗೆ ಹೊಂದಿಕೊಂಡವು. ದಿಕ್ಕು ರೂಢಿಯ ಮಾತು, ಅಂಗರಚನೆಯ ಮಾತಲ್ಲ.

ಕಣ್ಣು ಯಾಕೆ ಹೀಗೆ ಹಾರಬೇಕು ಎಂದರೆ, ಕಣ್ಣಿನ ಒಳಪರದೆಯಾದ ರೆಟಿನಾದ ನಡುವಿನ ಫೋವಿಯಾ ಎಂಬ ಕಿರಿದಾದ ಜಾಗದಲ್ಲಿ ಮಾತ್ರ ದೃಷ್ಟಿ ನಿಜವಾಗಿ ಚೂಪಾಗಿರುತ್ತದೆ. ತೋಳು ಚಾಚಿ ಹೆಬ್ಬೆರಳನ್ನು ಎತ್ತಿ ಹಿಡಿದರೆ ಅದರ ಅಗಲ ಎಷ್ಟು ಕಾಣುತ್ತದೆಯೋ ಸುಮಾರು ಅಷ್ಟೇ ಆ ಚೂಪು ದೃಷ್ಟಿಯ ವ್ಯಾಪ್ತಿ. ಹಾಗಾದರೆ ಒಂದು ನಿಲುಗಡೆಯಲ್ಲಿ ಓದುಗನಿಗೆ ಉಪಯೋಗಕ್ಕೆ ಬರುವ ಪಠ್ಯ ಎಷ್ಟು? ಇದನ್ನು ಕಂಡುಹಿಡಿಯಲು ಜಾರ್ಜ್ ಮೆಕಾಂಕಿ ಮತ್ತು ಕೀತ್ ರೇನರ್ 1975ರಲ್ಲಿ ಒಂದು ಜಾಣ ಉಪಾಯವನ್ನು ಬಳಸಿದರು. ಓದುಗನ ಕಣ್ಣು ಎಲ್ಲಿದೆಯೆಂದು ಯಂತ್ರ ಕ್ಷಣಕ್ಷಣಕ್ಕೂ ಗುರುತಿಸುತ್ತದೆ. ಕಣ್ಣಿನ ಸುತ್ತ ಇಷ್ಟು ಅಕ್ಷರಗಳ ಒಂದು ಕಿಟಕಿಯಲ್ಲಿ ಮಾತ್ರ ನಿಜವಾದ ಪಠ್ಯವಿರುತ್ತದೆ, ಅದರಾಚೆಗೆ ಅರ್ಥವಿಲ್ಲದ ಗುರುತುಗಳಿರುತ್ತವೆ. ಕಣ್ಣು ಸರಿದಂತೆ ಕಿಟಕಿಯೂ ಸರಿಯುತ್ತದೆ. ಕಿಟಕಿಯನ್ನು ಎಷ್ಟು ಕಿರಿದು ಮಾಡಿದಾಗ ಓದು ತಡವರಿಸತೊಡಗುತ್ತದೆಯೋ ಅದೇ ಆ ಓದುಗನ ಗ್ರಹಣದ ಎಲ್ಲೆ. ಇಂಗ್ಲಿಷಿನಲ್ಲಿ ಈ ಎಲ್ಲೆ ಎಡಕ್ಕೆ ಮೂರು ನಾಲ್ಕು ಅಕ್ಷರ, ಬಲಕ್ಕೆ ಹದಿನಾಲ್ಕು ಹದಿನೈದು ಅಕ್ಷರ. ಚೀನೀಯಲ್ಲಿ, 1998ರಲ್ಲಿ ಆಲ್ಬ್ರೆಕ್ಟ್ ಇನ್‌ಹಾಫ್ ಮತ್ತು ಲಿಯು ವೈಮಿನ್ ತೋರಿಸಿದಂತೆ, ಎಡಕ್ಕೆ ಒಂದು ಅಕ್ಷರ, ಬಲಕ್ಕೆ ಮೂರು.

ಈ ಅಂಕಿಗಳನ್ನು ನೋಡಿ ಚೀನೀ ಓದುಗನ ಕಿಟಕಿ ಬಹಳ ಇಕ್ಕಟ್ಟು ಎಂದುಕೊಳ್ಳಬಾರದು. ಚೀನೀ ಅಕ್ಷರವೊಂದು ತನ್ನ ಚೌಕದೊಳಗೆ ಇಂಗ್ಲಿಷಿನ ಹಲವು ಅಕ್ಷರಗಳಷ್ಟು ಸರಕನ್ನು ತುಂಬಿಕೊಂಡಿರುವುದರಿಂದ, ಮೂರು ಅಕ್ಷರಗಳಲ್ಲಿ ಒಂದೂವರೆ ಎರಡು ಪದಗಳೇ ಬಂದುಬಿಡುತ್ತವೆ. ಎರಡೂ ಭಾಷೆಗಳ ಓದಿನ ವೇಗವನ್ನು ಪದಗಳ ಲೆಕ್ಕಕ್ಕೆ ತಂದು ಹೋಲಿಸಿದ, 1985ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆ ವೇಗಗಳು ಹತ್ತಿರ ಹತ್ತಿರ ಸಮವಾಗಿದ್ದವು. ಕಿಟಕಿ ಒಂದೇ ಕಡೆಗೆ ವಾಲಿರುವುದೂ ಗಮನಿಸಬೇಕಾದ ಸಂಗತಿ. ಬಲದಿಂದ ಎಡಕ್ಕೆ ಸಾಗುವ ಹೀಬ್ರೂ ಓದುವಾಗ ಈ ವಾಲು ಎಡಕ್ಕೆ ತಿರುಗುತ್ತದೆ. ಎರಡೂ ಭಾಷೆ ಬಲ್ಲ ಒಬ್ಬನೇ ವ್ಯಕ್ತಿ ಇಂಗ್ಲಿಷಿಗೆ ಬಂದ ಕೂಡಲೇ ಅದು ಬಲಕ್ಕೆ ಹೊರಳುತ್ತದೆ. ಇದು ಕಣ್ಣಿನ ರಚನೆಯಿಂದ ಬಂದ ಮಿತಿಯಾಗಿದ್ದರೆ ಭಾಷೆ ಬದಲಾದಾಗ ಬದಲಾಗುತ್ತಿರಲಿಲ್ಲ. ಮುಂದೆ ಏನು ಬರುತ್ತದೆಂದು ಮಿದುಳು ಎತ್ತ ಕಾಯುತ್ತಿರುತ್ತದೆಯೋ ಅತ್ತ ಗಮನ ಚಾಚಿಕೊಂಡಿರುತ್ತದೆ.

ನಿಮ್ಮ ಮಗನ ಕಷ್ಟ ಮೊದಲು ಎದುರಾಗುವುದು ಒಂದೊಂದು ಅಕ್ಷರದ ಒಳಗೆ. ಒಂದೇ ಗೆರೆಯ ಅಕ್ಷರದಿಂದ ಹಿಡಿದು ಇಪ್ಪತ್ತಕ್ಕೂ ಹೆಚ್ಚು ಗೆರೆಗಳ ಅಕ್ಷರದವರೆಗೆ ಎಲ್ಲವೂ ಒಂದೇ ಅಳತೆಯ ಚೌಕದಲ್ಲಿ ಕೂರಬೇಕು. ‘ಮಣ್ಣು’ ಎಂಬ ಅಕ್ಷರಕ್ಕೂ ‘ವಿದ್ವಾಂಸ’ ಎಂಬ ಅಕ್ಷರಕ್ಕೂ ಇರುವ ವ್ಯತ್ಯಾಸ ಎರಡು ಅಡ್ಡಗೆರೆಗಳಲ್ಲಿ ಯಾವುದು ಉದ್ದ ಎನ್ನುವುದಷ್ಟೆ. ಹೊಸದಾಗಿ ಕಲಿಯುವವನು ಇಂಥಲ್ಲಿ ಗೆರೆಗಳನ್ನು ಎಣಿಸುತ್ತ ನಿಲ್ಲುತ್ತಾನೆ. ಪಳಗಿದವನು ಎಣಿಸುವುದಿಲ್ಲ, ನಾವು ‘ಲಕ್ಷ್ಮಿ’ ಎಂದು ಓದುವಾಗ ಕಕಾರ, ಷಕಾರದ ಒತ್ತು, ಮಕಾರದ ಒತ್ತು, ಗುಡಿಸು ಎಂದು ಬಿಡಿಸಿಕೊಳ್ಳುತ್ತೇವೆಯೇ? ಆ ಇಡೀ ಗೊಂಚಲು ಒಂದೇ ಆಕಾರವಾಗಿ ಗುರುತು ಸಿಗುತ್ತದೆ. ಹಾಗೆಯೇ ಚೀನೀ ಓದುಗನಿಗೆ ನೀರಿನ ಗುರುತು, ಮಾತಿನ ಗುರುತು ಮುಂತಾದ ಮರುಕಳಿಸುವ ಭಾಗಗಳೇ ಅಕ್ಷರದ ಇಟ್ಟಿಗೆಗಳಾಗಿರುತ್ತವೆ. 1716ರಲ್ಲಿ ಪೂರ್ಣಗೊಂಡ ಕಾಂಗ್‌ಶಿ ನಿಘಂಟು 47,000ಕ್ಕೂ ಹೆಚ್ಚು ಅಕ್ಷರಗಳನ್ನು ಇಂಥ 214 ಶೀರ್ಷಿಕೆಗಳಡಿಯಲ್ಲಿ ಜೋಡಿಸಿತ್ತು ಎಂಬುದರಿಂದಲೇ, ಮೇಲ್ನೋಟಕ್ಕೆ ಕಾಡಿನಂತೆ ಕಾಣುವ ಲಿಪಿಯಲ್ಲಿ ಎಷ್ಟು ಮಿತವ್ಯಯವಿದೆಯೆಂದು ತಿಳಿಯುತ್ತದೆ.

ಅಕ್ಷರಗಳ ಗೆರೆಗಳನ್ನು ಅಳಿಸುತ್ತ ಹೋಗಿ ಓದುಗರ ಕಣ್ಣಿನ ಮೇಲಾಗುವ ಪರಿಣಾಮವನ್ನು ಅಳೆದ ಪ್ರಯೋಗವೊಂದು 2012ರಲ್ಲಿ ಪ್ರಕಟವಾಯಿತು. ಶೇಕಡಾ 15ರಷ್ಟು ಗೆರೆಗಳು ಇಲ್ಲದಿದ್ದರೂ ಓದು ಬಹುತೇಕ ಎಂದಿನಂತೆ ಸಾಗಿತು. ಅದಕ್ಕಿಂತ ಹೆಚ್ಚು ಅಳಿಸಿದಾಗ ನಿಧಾನವಾಯಿತು. ನನಗೆ ಅದಕ್ಕಿಂತ ಮುಖ್ಯವೆನಿಸುವ ಅಂಶ ಇನ್ನೊಂದು. ಬರೆಯುವಾಗ ಕೊನೆಗೆ ಎಳೆಯುವ ಗೆರೆಗಳನ್ನು ತೆಗೆದರೆ ಆಗುವ ತೊಂದರೆಗಿಂತ ಮೊದಲು ಎಳೆಯುವ ಗೆರೆಗಳನ್ನು ತೆಗೆದರೆ ಆಗುವ ತೊಂದರೆ ಹೆಚ್ಚು. ಮುದ್ರಿತ ಪುಟದಲ್ಲಿ ಯಾವ ಗೆರೆ ಮೊದಲು, ಯಾವುದು ನಂತರ ಎಂಬುದು ಬರೆದಿರುವುದಿಲ್ಲ. ಎಲ್ಲವೂ ಒಟ್ಟಿಗೇ ಕಾಣುತ್ತವೆ. ಆದರೂ ಬರೆವಣಿಗೆಯ ಅನುಕ್ರಮದ ನೆರಳು ಓದಿನ ಮೇಲೆ ಬಿದ್ದಿದೆ. ನಿಮ್ಮ ಕೊನೆಯ ಪ್ರಶ್ನೆಗೆ ಬಂದಾಗ ಇದನ್ನು ಮತ್ತೆ ನೆನೆಯುತ್ತೇನೆ.

ಈಗ ಪದಗಳ ನಡುವೆ ಜಾಗವಿಲ್ಲದ ಸಾಲಿನ ವಿಚಾರಕ್ಕೆ ಬರುತ್ತೇನೆ. ಚೀನೀ ಓದಿನ ನಿಜವಾದ ಸ್ವಾರಸ್ಯ ಇಲ್ಲಿದೆಯೆಂದು ನನ್ನ ಅಭಿಪ್ರಾಯ. ಅಕ್ಷರ ಬೇರೆ, ಪದ ಬೇರೆ ಎನ್ನುವುದನ್ನು ಮೊದಲು ಗಟ್ಟಿಮಾಡಿಕೊಳ್ಳಬೇಕು: 2008ರ ಒಂದು ಪದಕೋಶದ ಎಣಿಕೆಯಂತೆ ಬಳಕೆಯ ಚೀನೀ ಪದಗಳಲ್ಲಿ ಶೇಕಡಾ 72ರಷ್ಟು ಎರಡು ಅಕ್ಷರಗಳವು, ಒಂದೇ ಅಕ್ಷರದ ಪದಗಳು ಎಣಿಕೆಯಲ್ಲಿ ಶೇಕಡಾ 6 ಮಾತ್ರ. ಸಾಲಿನಲ್ಲಾದರೋ ಅಕ್ಷರಗಳೆಲ್ಲ ಸಮದೂರದಲ್ಲಿ ನಿಂತಿರುತ್ತವೆ. ಯಾವುದು ಯಾವುದರ ಜೊತೆಯೆಂದು ಕಾಗದ ಹೇಳುವುದಿಲ್ಲ. ನಮಗೂ ಇದು ಅಪರಿಚಿತವಲ್ಲ. ನಮ್ಮ ಹಳೆಯ ಶಾಸನಗಳಲ್ಲಿಯೂ ಓಲೆಗರಿಗಳಲ್ಲಿಯೂ ಪದಗಳ ನಡುವೆ ಜಾಗ ಬಿಡುವ ಪದ್ಧತಿ ಇರಲಿಲ್ಲ. ಇಂದಿನ ಬರಹದಲ್ಲೂ ‘ಅದರಮನೆ’ ಎಂದು ಕೂಡಿಸಿ ಬರೆದರೆ ‘ಅದರ ಮನೆ’ ಎಂದು ಓದಬಹುದು, ಲೋಪಸಂಧಿ ಬಿಡಿಸಿ ‘ಅದು ಅರಮನೆ’ ಎಂದೂ ಓದಬಹುದು. ಎಲ್ಲಿ ಕಡಿಯಬೇಕೆಂದು ಕಣ್ಣು ಹೇಳುವುದಿಲ್ಲ. ಹಿಂದೆ ಮುಂದೆ ಇರುವ ಮಾತು ಹೇಳುತ್ತದೆ.

ಚೀನಾದಲ್ಲಿ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆಯೆಂದರೆ ನಾನ್‌ಜಿಂಗ್ ನಗರದಲ್ಲಿ ಯಾಂಗ್‌ಟ್ಸಿ ನದಿಗೆ 1968ರಲ್ಲಿ ಕಟ್ಟಿ ಮುಗಿಸಿದ ಸೇತುವೆಯ ಹೆಸರು. ಏಳು ಅಕ್ಷರಗಳು: ‘ನಾನ್-ಜಿಂಗ್-ಶಿ-ಛಾಂಗ್-ಜಿಯಾಂಗ್-ದಾ-ಛ್ಯಾವೊ’. ಮೂರನೆಯ ಅಕ್ಷರದ ನಂತರ ಕಡಿದರೆ ‘ನಾನ್‌ಜಿಂಗ್ ನಗರದ ಛಾಂಗ್‌ಜಿಯಾಂಗ್ ಮಹಾಸೇತುವೆ’ ಎಂದಾಗುತ್ತದೆ. ಛಾಂಗ್‌ಜಿಯಾಂಗ್ ಎನ್ನುವುದು ಯಾಂಗ್‌ಟ್ಸಿಯ ಚೀನೀ ಹೆಸರು. ನಾಲ್ಕನೆಯದರ ನಂತರ ಕಡಿದರೆ ‘ನಾನ್‌ಜಿಂಗ್ ಮೇಯರ್ ಜಿಯಾಂಗ್ ದಾಛ್ಯಾವೊ’ ಎಂಬ ಇಲ್ಲದ ಮನುಷ್ಯನೊಬ್ಬ ಹುಟ್ಟಿಕೊಳ್ಳುತ್ತಾನೆ. ತಮಾಷೆ ಅಷ್ಟಕ್ಕೇ ಮುಗಿಯುವುದಿಲ್ಲ. ಆ ನಾಲ್ಕನೆಯ ಅಕ್ಷರವನ್ನು ಮೊದಲ ಓದಿನಲ್ಲಿ ‘ಛಾಂಗ್’ ಎನ್ನಬೇಕು, ಅರ್ಥ ‘ಉದ್ದ’; ಎರಡನೆಯದರಲ್ಲಿ ‘ಜಾಂಗ್’ ಎನ್ನಬೇಕು, ಅರ್ಥ ‘ಮುಖ್ಯಸ್ಥ’. ಕಾಗದದ ಮೇಲಿನ ಗುರುತು ಬದಲಾಗಿಲ್ಲ, ರೆಟಿನಾದ ಮೇಲೆ ಬಿದ್ದ ಬೆಳಕೂ ಬದಲಾಗಿಲ್ಲ. ಮಿದುಳು ಎಲ್ಲಿ ಕಡಿಯಿತು ಎಂಬುದರ ಮೇಲೆ ಅಕ್ಷರದ ಅರ್ಥ, ಧ್ವನಿ ಎರಡೂ ನಿಂತಿವೆ.

ಹಾಗಾದರೆ ಮೊದಲು ಕಡಿದು ನಂತರ ಗುರುತಿಸುತ್ತದೆಯೋ, ಗುರುತಿಸಿ ನಂತರ ಕಡಿಯುತ್ತದೆಯೋ? ಪದ ತಿಳಿಯದೆ ಕಡಿಯಲಾಗದು, ಕಡಿಯದೆ ಪದ ತಿಳಿಯದು. ಬೀಜಿಂಗಿನ ಮನೋವಿಜ್ಞಾನಿ ಲಿ ಶಿಂಗ್‌ಶಾನ್ ಅವರು ರೇನರ್ ಮತ್ತು ಕೈಲ್ ಕೇವ್ ಅವರೊಂದಿಗೆ 2009ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ಇವು ಎರಡು ಹಂತಗಳೇ ಅಲ್ಲ. ಕಿಟಕಿಯೊಳಗೆ ಬಿದ್ದ ಮೂರು ನಾಲ್ಕು ಅಕ್ಷರಗಳು ಒಟ್ಟಿಗೇ ಕೆಲಸಕ್ಕೆ ತೊಡಗಿ, ತಾವು ಸೇರಬಹುದಾದ ಎಲ್ಲ ಪದಗಳನ್ನೂ ಎಬ್ಬಿಸುತ್ತವೆ. ಆ ಪದಗಳು ಒಂದರೊಡನೊಂದು ಪೈಪೋಟಿ ನಡೆಸುತ್ತವೆ. ಯಾವುದು ಗೆಲ್ಲುತ್ತದೆಯೋ ಅದರ ಗಡಿಯೇ ಪದದ ಗಡಿ. ಗುರುತು ಸಿಕ್ಕ ಕ್ಷಣವೇ ಕಡಿತವೂ ಆಗಿರುತ್ತದೆ. ಕಣ್ಣಿನ ಚಲನೆಯಲ್ಲಿಯೂ ಇದರ ಗುರುತು ಕಾಣುತ್ತದೆ. ಇಂಗ್ಲಿಷಿನಲ್ಲಿ ಮುಂದಿನ ಪದದ ಉದ್ದ ಜಾಗಗಳಿಂದಾಗಿ ಮೊದಲೇ ಕಾಣುವುದರಿಂದ ಕಣ್ಣು ಪದದ ನಡುವಿಗಿಂತ ಸ್ವಲ್ಪ ಎಡಕ್ಕೆ ಹೋಗಿ ಇಳಿಯುವ ಒಲವು ತೋರಿಸುತ್ತದೆ. ಚೀನೀಯಲ್ಲಿ ಇಳಿಯುವ ಜಾಗ ಅಷ್ಟು ನಿಶ್ಚಿತವಾಗಿಲ್ಲ. ಈ ನಿಲುಗಡೆಯಲ್ಲಿ ಎಷ್ಟು ದೂರದವರೆಗಿನ ಅಕ್ಷರಗಳು ಅರಗಿದವೋ ಅದರಾಚೆಗೆ ಕಣ್ಣು ಹಾರುತ್ತದೆ ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ; ಬೇರೆ ಅಭಿಪ್ರಾಯದ ಸಂಶೋಧಕರೂ ಇದ್ದಾರೆ, ವಾದ ಮುಗಿದಿಲ್ಲ.

ಹಾಗಿದ್ದರೆ ಜಾಗ ಬಿಟ್ಟು ಅಚ್ಚು ಹಾಕಿದರೆ ಓದು ಸುಲಭವಾಗಬೇಡವೇ ಎಂದು ಕೇಳಬಹುದು. ಬಾಯ್ ಶುಎಜುನ್ ಮತ್ತು ಸಂಗಡಿಗರು 2008ರಲ್ಲಿ ಇದನ್ನೇ ಪರೀಕ್ಷಿಸಿದರು. ಪದಗಳ ನಡುವೆ ಜಾಗ ಬಿಟ್ಟಾಗ ಚೀನೀ ಓದುಗರ ವೇಗ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಪ್ರತಿ ಅಕ್ಷರದ ನಡುವೆ ಅಥವಾ ತಪ್ಪು ಜಾಗದಲ್ಲಿ ಅಂತರ ಬಿಟ್ಟಾಗ ಓದು ಕೆಟ್ಟಿತು. ಜೀವಮಾನವಿಡೀ ಜಾಗವಿಲ್ಲದ ಸಾಲುಗಳನ್ನು ಓದಿದವರಿಗೆ ಈ ಹೊಸ ರೂಪ ವಿಚಿತ್ರವಾಗಿ ಕಂಡಿರಬೇಕು. ಆ ಅನನುಕೂಲವನ್ನೂ ತೂಗಿಸುವಷ್ಟು ಸಹಾಯ ಪದದ ಗಡಿಯಿಂದ ಸಿಕ್ಕಿತು, ಹಾಗಾಗಿ ಲೆಕ್ಕ ಸಮವಾಯಿತು ಎಂದು ಇದನ್ನು ಅರ್ಥೈಸಬಹುದು. ನಿಮ್ಮ ಮಗನಿಗೆ ಹೆಚ್ಚು ಸಂಬಂಧಪಟ್ಟದ್ದು 2012ರ ಇನ್ನೊಂದು ಅಧ್ಯಯನ: ಬೇರೆ ಬೇರೆ ಮಾತೃಭಾಷೆಗಳಿಂದ ಬಂದು ಚೀನೀ ಕಲಿಯುತ್ತಿದ್ದವರಿಗೆ, ಅವರ ಸ್ವಂತ ಲಿಪಿಯಲ್ಲಿ ಪದಗಳ ನಡುವೆ ಜಾಗವಿರಲಿ ಇಲ್ಲದಿರಲಿ, ಪದಗಳ ನಡುವೆ ಅಂತರ ಬಿಟ್ಟ ಚೀನೀ ಪಠ್ಯ ಓದಲು ಸುಲಭವಾಯಿತು.

ಇಷ್ಟೆಲ್ಲ ಕೆಲಸಕ್ಕೆ ಇರುವ ಕಾಲ ಕಾಲು ಸೆಕೆಂಡು ಎಂಬುದನ್ನು ನೆನಪಿಡಿ. ರೆಟಿನಾದಿಂದ ಹೊರಟ ಸಂಕೇತ ತಲೆಯ ಹಿಂಭಾಗದ ದೃಷ್ಟಿಪ್ರದೇಶವನ್ನು ಮುಟ್ಟಲು ಒಂದು ಸೆಕೆಂಡಿನ ಸಾವಿರದಲ್ಲಿ 50-60 ಭಾಗ ಬೇಕು. ಮುಂದಿನ ನೆಗೆತವನ್ನು ಯೋಜಿಸಿ ಕಣ್ಣಿನ ಸ್ನಾಯುಗಳಿಗೆ ಆಜ್ಞೆ ತಲುಪಿಸಲು ಸುಮಾರು 150 ಭಾಗ ಬೇಕು. ಎರಡನ್ನೂ ಕಳೆದರೆ ಉಳಿಯುವುದು ಬಹಳ ಕಡಿಮೆ. ಅಂದರೆ ಕಣ್ಣು ಒಂದು ಅಕ್ಷರದ ಮೇಲೆ ಇಳಿದ ಮೇಲೆ ಕೆಲಸ ಆರಂಭಿಸಿದರೆ ಸಾಲದು; ಅಲ್ಲಿಗೆ ಬರುವ ಮೊದಲೇ ಅರ್ಧ ಕೆಲಸ ಆಗಿರಬೇಕು. ಆಗಿರುತ್ತದೆ ಕೂಡ. ಕಣ್ಣಿನ ಬಲಕ್ಕೆ ಮಸುಕಾಗಿ ಕಾಣುವ ಅಕ್ಷರವನ್ನು ಕಣ್ಣು ಹಾರುತ್ತಿರುವ ಕ್ಷಣದಲ್ಲಿ ಬದಲಿಸಿಬಿಡುವ ಪ್ರಯೋಗವಿದೆ. ಓದುಗನಿಗೆ ಬದಲಾವಣೆ ಅರಿವಿಗೆ ಬರುವುದಿಲ್ಲ, ಆದರೆ ಮೊದಲಿದ್ದ ಅಕ್ಷರಕ್ಕೂ ಈಗಿರುವುದಕ್ಕೂ ಸಂಬಂಧವಿದ್ದರೆ ನಿಲುಗಡೆ ಚಿಕ್ಕದಾಗುತ್ತದೆ. ಇಂಗ್ಲಿಷಿನಲ್ಲಿ ಹೀಗೆ ಓರೆಗಣ್ಣಿಗೆ ಸಿಗುವುದು ಮುಖ್ಯವಾಗಿ ಅಕ್ಷರಗಳ ರೂಪ ಮತ್ತು ಧ್ವನಿ. ಚೀನೀಯಲ್ಲಿ ಅರ್ಥವೂ ಸಿಗುತ್ತದೆಂದು 2009ರಲ್ಲಿ ಯಾನ್ ಮಿಂಗ್ ಮತ್ತು ಸಂಗಡಿಗರು ತೋರಿಸಿದರು. ಮುಂದಿನ ಪದ ಅಷ್ಟು ಹತ್ತಿರದಲ್ಲಿದೆ, ಅದರ ಅರ್ಥದ ಗುರುತು ರೂಪದಲ್ಲೇ ಕೂತಿದೆ, ಆಶ್ಚರ್ಯಪಡಬೇಕಾದದ್ದೇನೂ ಇಲ್ಲ.

‘ಉಚ್ಚಾರಣೆಯ ಗೊಡವೆ ಇಲ್ಲ’ ಎಂಬ ಮಾತಿಗೆ ಉತ್ತರವಾಗಿ ಒಂದೇ ಪ್ರಯೋಗವನ್ನು ವಿವರಿಸಿದರೆ ಸಾಕು. ಬಣ್ಣದ ಹೆಸರನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆದು, ಶಾಯಿಯ ಬಣ್ಣ ಯಾವುದೆಂದು ಕೇಳುವ ಸ್ಟ್ರೂಪ್ ಪರೀಕ್ಷೆ ನಿಮಗೆ ಗೊತ್ತಿರಬಹುದು. ‘ಕೆಂಪು’ ಎಂದು ಹಸಿರು ಶಾಯಿಯಲ್ಲಿ ಬರೆದರೆ ‘ಹಸಿರು’ ಎನ್ನಲು ನಾಲಿಗೆ ತಡವರಿಸುತ್ತದೆ. ಚೀನೀಯಲ್ಲಿ ಕೆಂಪಿಗೆ ‘ಹೋಂಗ್’ ಎನ್ನುತ್ತಾರೆ. ಪ್ರವಾಹ ಎಂಬ ಅರ್ಥದ ಅಕ್ಷರವೂ ಅದೇ ಸ್ವರದಲ್ಲಿ ‘ಹೋಂಗ್’. 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಣ್ಣಕ್ಕೆ ಏನೂ ಸಂಬಂಧವಿಲ್ಲದ ಇಂಥ ಸಮಧ್ವನಿಯ ಅಕ್ಷರಗಳು ಬೇರೆ ಬಣ್ಣದ ಶಾಯಿಯಲ್ಲಿ ಎದುರಾದಾಗಲೂ ಓದುಗರು ತಡವರಿಸಿದರು. ಓದುವ ಅಗತ್ಯವೇ ಇಲ್ಲದ ಕಡೆ, ಅರ್ಥದ ಸಂಬಂಧವೂ ಇಲ್ಲದ ಕಡೆ, ಧ್ವನಿ ತಾನಾಗಿ ಎದ್ದು ಬಂದಿತ್ತು. ಕನ್ನಡದಲ್ಲಿ ಅಕ್ಷರಗಳ ಧ್ವನಿಗಳನ್ನು ಜೋಡಿಸಿ ಪದವನ್ನು ಹೊರಡಿಸಬಹುದು. ಚೀನೀಯಲ್ಲಿ ಅಕ್ಷರದ ಗುರುತು ಸಿಕ್ಕಾಗ ಅದರೊಂದಿಗೆ ಧ್ವನಿ ಇಡಿಯಾಗಿ ಬರುತ್ತದೆ. ವ್ಯತ್ಯಾಸ ದಾರಿಯದು, ಧ್ವನಿ ಇದೆಯೋ ಇಲ್ಲವೋ ಎಂಬುದರದ್ದಲ್ಲ. ಮ್ಯಾಂಡರಿನ್‌ನಲ್ಲಿ, ಅಂದರೆ ಚೀನೀ ಭಾಷೆಯ ಪ್ರಮಾಣಿತ ರೂಪದಲ್ಲಿ, ಸ್ವರದ ಏರಿಳಿತ ಬಿಟ್ಟರೆ ಸುಮಾರು 400, ಸೇರಿಸಿದರೆ ಸುಮಾರು 1,300 ಉಚ್ಚಾರಗಳಷ್ಟೇ ಇರುವುದರಿಂದ ಸಮಧ್ವನಿಗಳು ರಾಶಿರಾಶಿ ಸಿಗುತ್ತವೆ. ಅವುಗಳನ್ನು ಬೇರ್ಪಡಿಸುವ ಭಾರ ರೂಪದ ಮೇಲೆ ಬಿದ್ದಿದೆ.

ಬಲ ಮಿದುಳಿನ ಕಥೆಗೂ ಒಂದು ಮೂಲವಿದೆ. ನೋಟದ ಎಡಭಾಗದಲ್ಲಿ ಕಂಡದ್ದು ಮೊದಲು ಬಲ ಅರ್ಧಗೋಳಕ್ಕೆ ಹೋಗುತ್ತದೆ, ಬಲಭಾಗದಲ್ಲಿ ಕಂಡದ್ದು ಎಡಕ್ಕೆ. ಒಂಟಿ ಅಕ್ಷರಗಳನ್ನು ಕ್ಷಣಮಾತ್ರ ಮಿಂಚಿಸಿ ತೋರಿಸಿದಾಗ ಚೀನೀ ಓದುಗರು ಎಡಭಾಗದಲ್ಲಿ ತೋರಿಸಿದ್ದನ್ನು ಹೆಚ್ಚು ಚೆನ್ನಾಗಿ ಗುರುತಿಸಿದರು. ಇಷ್ಟನ್ನೇ ಹಿಡಿದು ‘ಚೀನೀ ಎಂದರೆ ಬಲ ಮಿದುಳು’ ಎಂಬ ಮಾತು ಹರಡಿತು. ಆದರೆ ಓವಿಡ್ ತ್ಸೆಂಗ್ ಮತ್ತು ಸಂಗಡಿಗರು 1979ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅದೇ ಲೇಖನದಲ್ಲಿ, ಎರಡು ಅಕ್ಷರಗಳ ಪದಗಳನ್ನು ತೋರಿಸಿದಾಗ ಮೇಲುಗೈ ಬಲಭಾಗಕ್ಕೆ, ಅಂದರೆ ಎಡ ಅರ್ಧಗೋಳಕ್ಕೆ, ಹೊರಳಿತ್ತು. ಒಂಟಿಯಾಗಿ ಮಿಂಚಿದ ಅಕ್ಷರ ಒಂದು ಆಕಾರ. ಪದವಾದ ಕೂಡಲೇ ಅದು ಭಾಷೆ. ಜನರ ಬಾಯಲ್ಲಿ ಮೊದಲರ್ಧ ಮಾತ್ರ ಉಳಿದದ್ದು ವಿಷಾದದ ಸಂಗತಿ.

ಮಿದುಳಿನ ಚಿತ್ರಣ ಬಂದ ಮೇಲೆ ವಿಷಯ ಇನ್ನಷ್ಟು ಸ್ಪಷ್ಟವಾಗಿದೆ. ಎಡ ಅರ್ಧಗೋಳದ ತಳಭಾಗದಲ್ಲಿ, ಹಿಂದಲೆಯಿಂದ ಕಿವಿಯ ಕಡೆಗೆ ಸಾಗುವ ಹಾದಿಯಲ್ಲಿ, ಲಿಖಿತ ಪದಗಳ ರೂಪವನ್ನು ಗುರುತಿಸಲು ಪಳಗಿದ ಒಂದು ಜಾಗವಿದೆ. ಲಿಪಿ ಯಾವುದೇ ಇರಲಿ ಅಕ್ಷರಸ್ಥರಲ್ಲಿ ಅದು ಹೆಚ್ಚು ಕಡಿಮೆ ಅದೇ ಸ್ಥಳದಲ್ಲಿ ಸಿಗುತ್ತದೆ. ಚೀನೀ ಓದುವಾಗ ಬಲಬದಿಯ ಅದರ ಜೋಡಿಭಾಗವೂ ಹೆಚ್ಚಾಗಿ ಕೈಜೋಡಿಸುತ್ತದೆ, ಬಹುಶಃ ಚೌಕದೊಳಗೆ ಯಾವ ಭಾಗ ಎಲ್ಲಿದೆ ಎಂಬ ಜೋಡಣೆಯನ್ನು ಗ್ರಹಿಸಬೇಕಾದ್ದರಿಂದ. ಇದರ ಜೊತೆಗೆ ಎಡ ಹಣೆಯ ಹಿಂದಿನ ಒಂದು ಪ್ರದೇಶ ಚೀನೀ ಓದಿನಲ್ಲಿ ಎದ್ದು ಕಾಣುತ್ತದೆ. ಓದಲು ಕಷ್ಟಪಡುವ ಚೀನೀ ಮಕ್ಕಳಲ್ಲಿ ಈ ಪ್ರದೇಶದ ಚಟುವಟಿಕೆ ಕಡಿಮೆಯಿರುವುದನ್ನು 2004ರಲ್ಲಿ ಹಾಂಗ್‌ಕಾಂಗಿನ ಸಿಯೋಕ್ ವೈ ಟಿಂಗ್, ತಾನ್ ಲಿ ಹಾಯ್ ಮತ್ತಿತರರು ವರದಿ ಮಾಡಿದರು. ಚೀನೀಯರ ಓದುವ ಮಿದುಳೇ ಬೇರೆ ಎಂದು ಆಗ ಹಲವರು ಭಾವಿಸಿದರು. 2012ರಲ್ಲಿ ಕಿಮಿಹಿರೊ ನಾಕಮುರ, ಸ್ತಾನಿಸ್ಲಾಸ್ ದೆಹಾನ್ ಮತ್ತು ಸಂಗಡಿಗರು ಚೀನೀ ಹಾಗೂ ಫ್ರೆಂಚ್ ಓದುಗರನ್ನು ಒಟ್ಟಿಗೆ ಪರೀಕ್ಷಿಸಿ, ಕೂಡುಬರಹದ ಫ್ರೆಂಚ್ ಪದಗಳನ್ನು ಓದುವಾಗಲೂ ಇಂಥದ್ದೇ ಎರಡು ವ್ಯವಸ್ಥೆಗಳು ಕೆಲಸ ಮಾಡುತ್ತವೆಂದು ತೋರಿಸಿದರು: ಒಂದು ಆಕಾರವನ್ನು ಕಣ್ಣಿನಿಂದ ಗುರುತಿಸುವುದು, ಇನ್ನೊಂದು ಬರೆಯುವ ಕೈಯ ಚಲನೆಯನ್ನು ಒಳಗೊಳಗೇ ಮರುಕಳಿಸುವುದು. ಲಿಪಿಯಿಂದ ಲಿಪಿಗೆ ಬದಲಾಗುವುದು ಅವುಗಳ ನಡುವಿನ ಕೆಲಸದ ಹಂಚಿಕೆ.

ಈಗ ನಿಮ್ಮ ಕೊನೆಯ ಪ್ರಶ್ನೆ, ಕೈಬರಹದ್ದು. ಗೆರೆ ಎಳೆಯುವ ಅನುಕ್ರಮದ ನೆರಳು ಓದಿನಲ್ಲಿ ಕಾಣುವುದು, ಕೈಚಲನೆಯ ಪ್ರದೇಶ ಓದುವಾಗ ಎಚ್ಚರಗೊಳ್ಳುವುದು, ಚೀನೀ ಮಕ್ಕಳಲ್ಲಿ ಬರೆಯುವ ಸಾಮರ್ಥ್ಯ ಮತ್ತು ಓದುವ ಸಾಮರ್ಥ್ಯ ಜೊತೆಜೊತೆಗೆ ಸಾಗುವುದೆಂದು ತಾನ್ ಅವರ ತಂಡ 2005ರಲ್ಲಿ ತೋರಿಸಿದ್ದು, ಇವೆಲ್ಲ ಒಂದೇ ಕಡೆಗೆ ಬೆರಳು ತೋರಿಸುತ್ತವೆ. ಚೀನಾದಲ್ಲಿ ಈಗ ಬಹುಪಾಲು ಜನ ರೋಮನ್ ಅಕ್ಷರಗಳಲ್ಲಿ ಉಚ್ಚಾರಣೆಯನ್ನು ಟೈಪ್ ಮಾಡಿ, ಪರದೆಯ ಮೇಲೆ ಬಂದ ಅಕ್ಷರಗಳಲ್ಲಿ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಪೆನ್ನು ಎತ್ತಿದರೆ ಅಕ್ಷರ ಮರೆತುಹೋಗುವ ಈ ಅವಸ್ಥೆಗೆ ಅಲ್ಲಿ ‘ತಿ ಬಿ ವಾಂಗ್ ಜು’ ಎಂಬ ನುಡಿಗಟ್ಟೇ ಇದೆ. ಹೀಗೆ ಟೈಪ್ ಮಾಡುವ ಮಕ್ಕಳ ಓದಿನ ಅಂಕಗಳು ಕಡಿಮೆಯಿರುವುದನ್ನು 2013ರ ಒಂದು ಅಧ್ಯಯನ ವರದಿ ಮಾಡಿದೆ. ಎರಡೂ ಜೊತೆಗಿವೆ ಎಂದಷ್ಟೇ ಅದು ಹೇಳುತ್ತದೆ, ಒಂದರಿಂದಲೇ ಇನ್ನೊಂದು ಆಯಿತೆಂದು ಅದರಿಂದ ಸಾಧಿಸಲಾಗದು. ಬರೆಯುವುದನ್ನು ಮರೆತ ವಯಸ್ಕರು ಸರಾಗವಾಗಿ ಪತ್ರಿಕೆ ಓದುತ್ತಾರೆ ಎನ್ನುವುದೂ ಕಣ್ಣೆದುರಿಗಿದೆ.

ಆದ್ದರಿಂದ ನಿಮ್ಮ ಮಗ ಎಲ್ಲ ಅಕ್ಷರಗಳನ್ನೂ ಬರೆಯಲು ಕಲಿಯಬೇಕಾಗಿಲ್ಲ. ಚೀನೀ ಮಕ್ಕಳಿಂದಲೂ ಅದನ್ನು ನಿರೀಕ್ಷಿಸುವುದಿಲ್ಲ: 2011ರ ಪಠ್ಯಕ್ರಮ ಮೊದಲೆರಡು ವರ್ಷಗಳಲ್ಲಿ ಸುಮಾರು 1,600 ಅಕ್ಷರಗಳನ್ನು ಗುರುತಿಸಲು ಹೇಳಿ, ಅವುಗಳಲ್ಲಿ ಸುಮಾರು 800ನ್ನು ಮಾತ್ರ ಬರೆಯಲು ಹೇಳಿತ್ತು. ಪದೇಪದೇ ಬರುವ ಇನ್ನೂರು ಭಾಗಗಳನ್ನೂ ಕೆಲವು ನೂರು ಬಳಕೆಯ ಅಕ್ಷರಗಳನ್ನೂ ಅವನು ಸರಿಯಾದ ಅನುಕ್ರಮದಲ್ಲಿ ಕೈಯಿಂದ ಬರೆದು ರೂಢಿಸಿಕೊಂಡರೆ ಗೆರೆ ಎಣಿಸುವ ಹಂತ ದಾಟುತ್ತಾನೆ. ಹೊಸದನ್ನು ಒಂಟಿ ಅಕ್ಷರವಾಗಿ ಅಲ್ಲದೆ ಎರಡಕ್ಷರದ ಪದವಾಗಿ, ಧ್ವನಿಯೊಂದಿಗೆ ಕಲಿಯಲಿ. ಅಕ್ಷರ ಗೊತ್ತಿದ್ದೂ ಪದ ಗೊತ್ತಿಲ್ಲದಿದ್ದರೆ ಕಣ್ಣಿಗೆ ಮುಂದೆ ಹಾರಲು ಆಸರೆ ಸಿಗುವುದಿಲ್ಲ. ಸದ್ಯಕ್ಕೆ, ಪಠ್ಯದ ಒಂದು ಪ್ರತಿಯಲ್ಲಿ ಪದಗಳ ನಡುವೆ ಪೆನ್ಸಿಲಿನಿಂದ ಗೀಟು ಹಾಕಿಕೊಂಡು ಓದಿ, ಮರುದಿನ ಗೀಟಿಲ್ಲದ ಪ್ರತಿಯಲ್ಲಿ ಅದನ್ನೇ ಮತ್ತೆ ಓದಲಿ. ಅವನ ಸಹಪಾಠಿಗಳ ಕಣ್ಣುಗಳು ಒಂದನೆಯ ತರಗತಿಯಿಂದ ಈ ಸಾಲುಗಳ ಮೇಲೆ ಹಾರುತ್ತ ಬಂದಿವೆ, ಇವನದು ಎರಡು ವರ್ಷದಿಂದ. ಅವರ ವೇಗದೊಡನೆ ತನ್ನದನ್ನು ಹೋಲಿಸಿಕೊಳ್ಳುವುದನ್ನು ಈಗಲೇ ನಿಲ್ಲಿಸಲು ಹೇಳಿ.